ಮಕ್ತುಂಬಿ ಹುಂಜ ಹುಡುಕಿದ್ದು

ಕೊಟ್ಟೂರಿನ ನಮ್ಮ ಓಣಿಯಲ್ಲಿ ಜವಾರಿ ಕೋಳಿಮರಿ ಬೇಕಾದವರು ಅಂಗಡಿ ಹುಡುಕುವುದಿಲ್ಲ, ಮಕ್ತುಂಬಿಯ ಹಿತ್ತಲ ಬಾಗಿಲು ತಟ್ಟುತ್ತಾರೆ. ಮಕ್ತುಂಬಿ ಎಂದರೆ ಖಾಜಾಸಾಬನ ಹೆಂಡತಿ. ಖಾಜಾಸಾಬ್ ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ಹೊಸ ತಂತಿ ಸುತ್ತುವವನು. ದಿನವಿಡೀ ತಾಮ್ರದ ತಂತಿಯ ಎಳೆ ಎಣಿಸುತ್ತ ಕೂರುವುದರಿಂದ ಅವನಿಗೆ ಮಾತು ಕಡಿಮೆ. ಆ ಮನೆಯ ಮಾತನ್ನೆಲ್ಲ ಮಕ್ತುಂಬಿಯೇ ಆಡಬೇಕು, ಆಡುತ್ತಾಳೆ ಕೂಡ. ನನ್ನ ಹೊಲಿಗೆ ಅಂಗಡಿ ಅವರ ಮನೆಗೆ ಎದುರೇ ಇರುವುದರಿಂದ ಅದರಲ್ಲಿ ಅರ್ಧ ನನ್ನ ಕಿವಿಗೆ ಬೀಳುತ್ತದೆ. ಹಾಗಾಗಿ ಇಲ್ಲಿ ಬರೆದದ್ದು ನಾನು ಕಣ್ಣಾರೆ ಕಂಡದ್ದು, ಇಲ್ಲವೇ ಆಕೆಯೇ ಹೇಳಿದ್ದು. ಓಣಿಯ ಮಂದಿ ಹೇಳಿದ್ದನ್ನು ನಾನು ನಂಬುವುದಿಲ್ಲ.

ಆಕೆ ಕೋಳಿ ಸಾಕುವುದು ಮೊಟ್ಟೆ ತಿನ್ನುವವರಿಗಾಗಿ ಅಲ್ಲ, ಮರಿ ಮಾಡಿಸುವವರಿಗಾಗಿ. ಕಾವಿಗೆ ಇಡುವ ಮೊಟ್ಟೆ, ಕಾವಿನಿಂದ ಎದ್ದ ಮರಿ, ಇವೆರಡೇ ಸರಕು. ಜೊತೆಗೆ ಪಾಲಿನ ಕೋಳಿಗಳು ಬೇರೆ. ಇದು ನಮ್ಮ ಕಡೆಯ ಹಳೆಯ ಪದ್ಧತಿ. ಕೋಳಿ ಕೊಳ್ಳಲು ಕೈಯಲ್ಲಿ ಆಗದವರಿಗೆ ಒಂದು ಹೇಂಟೆಯನ್ನು ಕೊಟ್ಟುಬಿಡುವುದು. ಅವರು ಸಾಕಿ ಮರಿ ಮಾಡಿಸುವುದು. ಮರಿಗಳು ದೊಡ್ಡವಾದ ಮೇಲೆ ಕೊಟ್ಟವರಿಗೆ ಅರ್ಧ, ಸಾಕಿದವರಿಗೆ ಅರ್ಧ. ಹುಂಜ ಮರಿಗಳಲ್ಲಿ ಮೊದಲು ಆರಿಸಿಕೊಳ್ಳುವ ಹಕ್ಕು ಮಾತ್ರ ಕೊಟ್ಟವರದು. ಅತ್ತ ತಂಬ್ರಹಳ್ಳಿ, ಇತ್ತ ನೀಲಗುಂದ, ಬಾಗಳಿ, ಎಲ್ಲ ಕಡೆ ಮಕ್ತುಂಬಿಯ ಪಾಲಿನ ಕೋಳಿಗಳಿವೆ. ಇದ್ಯಾವುದಕ್ಕೂ ಕಾಗದವಿಲ್ಲ, ಸಹಿ ಇಲ್ಲ.

ಇಷ್ಟೆಲ್ಲ ನಡೆಯಬೇಕಾದರೆ ಹಿತ್ತಲಲ್ಲಿ ಒಂದು ಒಳ್ಳೆಯ ಹುಂಜ ಇರಲೇಬೇಕು. ಹುಂಜ ಇಲ್ಲದಿದ್ದರೂ ಹೇಂಟೆ ಮೊಟ್ಟೆ ಇಡುತ್ತದೆ, ಆದರೆ ಆ ಮೊಟ್ಟೆಯನ್ನು ಎಷ್ಟು ದಿನ ಕಾವಿಗೆ ಇಟ್ಟರೂ ಮರಿ ಏಳುವುದಿಲ್ಲ, ಕೊಳೆತು ನಾರುತ್ತದೆ ಅಷ್ಟೇ. ಮಕ್ತುಂಬಿಯ ಹುಂಜದ ಹೆಸರು ಜಮಾದಾರ. ಕೆಂಪು ಮೈ, ಹಸಿರು ಹೊಳೆಯುವ ಕಪ್ಪು ಬಾಲ. ಅದು ಪಕ್ಕದ ಮನೆಯ ಗೋಡೆ ಹತ್ತಿ ನಿಂತು ಕೂಗಿದರೆ ನನಗೆ ನನ್ನ ಹೊಲಿಗೆ ಮಷಿನ್ನಿನ ಸದ್ದೇ ಕೇಳುತ್ತಿರಲಿಲ್ಲ. ಹುಂಜ ಬೆಳಗಿನ ಜಾವ ಒಮ್ಮೆ ಕೂಗಿ ಸುಮ್ಮನಾಗುತ್ತದೆ ಎಂದು ನಂಬಿರುವವರು ಹುಂಜದ ಪಕ್ಕ ಬಾಳ್ವೆ ಮಾಡಿದವರಲ್ಲ. ಜಮಾದಾರ ಜಾವಕ್ಕೆ ಕೂಗುತ್ತಿತ್ತು, ಬಿಸಿಲು ಬಂದರೆ ಕೂಗುತ್ತಿತ್ತು, ಹೇಂಟೆ ಮೊಟ್ಟೆ ಇಟ್ಟರೆ ತಾನೇ ಇಟ್ಟಂತೆ ಕೂಗುತ್ತಿತ್ತು.

ಪಕ್ಕದ ಮನೆ ಭೀಮರಾಜನದು. ಅವನು ಸರಕಾರಿ ಬಸ್ಸಿನ ಡ್ರೈವರ್. ಮೊದಲೆಲ್ಲ ಹಗಲು ಗಾಡಿ ಓಡಿಸುತ್ತಿದ್ದ, ಆಗ ಜಮಾದಾರನಿಂದ ಯಾರಿಗೂ ತೊಂದರೆ ಇರಲಿಲ್ಲ. ಹೋದ ವರ್ಷ ಅವನಿಗೆ ಬೆಂಗಳೂರಿನ ರಾತ್ರಿ ಬಸ್ಸು ಬಂತು. ಬೆಳಿಗ್ಗೆ ಮನೆಗೆ ಬಂದು, ಸ್ನಾನ ಮಾಡಿ, ರೊಟ್ಟಿ ತಿಂದು ಮಲಗುವ ಹೊತ್ತಿಗೆ ಸರಿಯಾಗಿ ಜಮಾದಾರ ಗೋಡೆ ಏರುತ್ತಿತ್ತು. ಭೀಮರಾಜ ಕಿವಿಗೆ ಹತ್ತಿ ಇಟ್ಟುಕೊಂಡ, ತಲೆಯ ಮೇಲೆ ದಿಂಬು ಇಟ್ಟುಕೊಂಡ, ಕಡೆಗೆ ಅಡುಗೆಮನೆಯಲ್ಲಿ ಚಾಪೆ ಹಾಸಿಕೊಂಡ. ಬಾಯಿ ಬಿಟ್ಟು ಒಂದು ಮಾತು ಆಡಲಿಲ್ಲ. ಅವನ ಹೆಂಡತಿ ಸೌಭಾಗ್ಯ ಹೆರಿಗೆಯ ನೋವಿನಲ್ಲಿದ್ದಾಗ ಆಟೋ ಹತ್ತಿಸಿ ಕರೆದೊಯ್ದವಳು ಮಕ್ತುಂಬಿ. ಅಂಥವಳಿಗೆ ನಿನ್ನ ಹುಂಜ ಕೂಗುತ್ತದೆ ಎಂದು ಹೇಳುವುದು ಹೇಗೆ?

ಒಂದು ಬೆಳಿಗ್ಗೆ ಸೌಭಾಗ್ಯ ಮಕ್ತುಂಬಿಯ ಮನೆಗೆ ಬಂದಳು. ಬಂದವಳು ಕೂರಲಿಲ್ಲ.

“ಅಕ್ಕಾ, ಇಷ್ಟು ದಿನ ಬಾಯಿ ಮುಚ್ಕೊಂಡಿದ್ನಿ. ಇವತ್ತು ಆಗವಲ್ದು. ನಮ್ಮ ಮನಿಯವ್ರು ಕೂಡ್ಲಿಗಿ ದಾಟಿದ ಮ್ಯಾಲೆ ಸ್ಟೇರಿಂಗ್ ಹಿಡಕೊಂಡೇ ತೂಕಡಿಸ್ಯಾರ. ಬಸ್ಸು ರಸ್ತಿ ಬಿಟ್ಟು ಮಣ್ಣಿಗಿಳದೈತಿ. ಕಂಡಕ್ಟರು ಕೂಗಿ ಎಬ್ಸಿದ್ದಕ್ಕ ಆತು. ಬಸ್ಸಿನ ತುಂಬ ಮಂದಿ ಇದ್ರಂತ.” ಅಷ್ಟು ಹೇಳಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. “ನಿಮ್ಮ ಹುಂಜ ಅವರಿಗೆ ನಿದ್ದಿ ಮಾಡಾಕ ಬಿಡವಲ್ದು ಅಕ್ಕಾ. ಒಂದ್ ಏನಾರ ಮಾಡ್ರಿ.”

ಮಕ್ತುಂಬಿಗೆ ಮೊದಲು ಸಿಟ್ಟು ಬಂತು. ಹುಂಜಕ್ಕೂ ಬಸ್ಸಿಗೂ ಏನು ಸಂಬಂಧ ಎಂದು ನನ್ನ ಅಂಗಡಿಗೆ ಬಂದು ಕೂಗಾಡಿದಳು. “ಉಜ್ಜಿನಪ್ಪಣ್ಣ, ನೀನಾರ ಹೇಳು, ಹುಂಜ ಕೂಗದ ಹಾಡತೈತೇನು?” ನಾನು ಸೂಜಿಗೆ ದಾರ ಪೋಣಿಸತೊಡಗಿದೆ. ಸ್ವಲ್ಪ ಹೊತ್ತಿಗೆ ಆಕೆಯೇ ತಣ್ಣಗಾದಳು. ಬಸ್ಸು ಮಣ್ಣಿಗಿಳಿದ ಮಾತು ಆಕೆಯ ತಲೆಯಿಂದ ಹೋಗಲಿಲ್ಲ. ಕೋಳಿಗಳನ್ನು ಬಿಡಲಾರಳು, ಭೀಮರಾಜನನ್ನು ನಿದ್ದೆಗೆಡಿಸಲಾರಳು. ಉಳಿದದ್ದು ಒಂದೇ ದಾರಿ, ಕಡಿಮೆ ಕೂಗುವ ಹುಂಜ ಬೇಕು. ಅದನ್ನು ಕೇಳಿದವರೆಲ್ಲ ನಕ್ಕರು.

ಮೊದಲು ಇರುವುದನ್ನೇ ಸುಮ್ಮನಾಗಿಸಲು ನೋಡಿದಳು. ಜಮಾದಾರನನ್ನು ಬುಟ್ಟಿಯಡಿ ಕವುಚಿ ಮೇಲೆ ಗೋಣಿಚೀಲ ಹಾಕಿದಳು. ಕತ್ತಲಿದ್ದರೆ ಕೂಗುವುದಿಲ್ಲ ಎಂದು ಲೆಕ್ಕ. ಸರಿ, ಜಾವದಲ್ಲಿ ಕೂಗು ಕಡಿಮೆಯಾಯಿತು. ಬಿಸಿಲೇರಿದ ಮೇಲೆ ಕಾಳು ತಿನ್ನಲು ಹೊರಗೆ ಬಿಟ್ಟಳು ನೋಡಿ, ಒಳಗೆ ಕೂಡಿಟ್ಟ ಕೂಗನ್ನೆಲ್ಲ ಅದು ಭೀಮರಾಜ ಕಣ್ಣು ಮುಚ್ಚುವ ಹೊತ್ತಿಗೇ ಹೊರಹಾಕಿತು. ಖಾಜಾಸಾಬ್ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ. ಯಾವುದೋ ದೇಶದಲ್ಲಿ ಹುಂಜದ ಕೊರಳಿಗೆ ಪಟ್ಟಿ ಬಿಗಿದು ದನಿ ಅಡಗಿಸುತ್ತಾರಂತೆ.

“ಮೊದ್ಲ ನಿನ್ನ ಕೊಳ್ಳಿಗೆ ಬಿಗ್ಕೊಂಡು ಒಂದ್ ದಿನ ಇರು. ಆಮ್ಯಾಲೆ ನೋಡೋಣ” ಎಂದಳು ಮಕ್ತುಂಬಿ. ಖಾಜಾಸಾಬ್ ಮೊಬೈಲು ಜೇಬಿಗೆ ಹಾಕಿಕೊಂಡು ಅಂಗಡಿಗೆ ಹೋದ.

ಹಿತ್ತಲಲ್ಲಿ ಇನ್ನೊಂದು ಎಳೆಯ ಹುಂಜ ಇತ್ತು. ಬೂದು ಬಣ್ಣ, ಹೆಸರು ಬೂದ. ಬಡಪಾಯಿ ಕೂಗಿದ್ದನ್ನೇ ಯಾರೂ ಕೇಳಿರಲಿಲ್ಲ. ಮಕ್ತುಂಬಿಗೆ ಹಾದಿ ಕಂಡಂತಾಯಿತು. ಜಮಾದಾರನನ್ನು ಚೀಲಕ್ಕೆ ಹಾಕಿ, ಮೂತಿ ಮಾತ್ರ ಹೊರಗಿಟ್ಟು, ತಂಬ್ರಹಳ್ಳಿಯ ತಂಗಿಯ ಮನೆಗೆ ಕಳಿಸಿದಳು. “ಚೆಂದಾಗಿ ನೋಡ್ಕೊ” ಎಂದು ತಂಗಿಗೆ ಫೋನಿನಲ್ಲಿ ನಾಲ್ಕಾರು ಸಲ ಹೇಳಿದಳು. ಕೆಲವು ದಿನ ಓಣಿ ನಿಶ್ಶಬ್ದವಾಯಿತು. ಸೌಭಾಗ್ಯ ಬಿಸಿ ಹೋಳಿಗೆ ತಂದುಕೊಟ್ಟಳು.

ಆಮೇಲೆ ಬೂದನಿಗೆ ಹಿತ್ತಲಲ್ಲಿ ತನಗಿಂತ ದೊಡ್ಡವರು ಯಾರೂ ಇಲ್ಲ ಎಂದು ಗೊತ್ತಾಯಿತು. ಹೆಡ್‌ಮಾಸ್ತರು ರಜೆ ಹಾಕಿದ ದಿನ ಹಿಂದಿನ ಬೆಂಚಿನ ಹುಡುಗರಿಗೆ ಬಾಯಿ ಬರುತ್ತದಲ್ಲ, ಹಾಗೆ ಬಾಯಿ ಬಂತು. ಜಮಾದಾರನ ಕೂಗಿಗಾದರೂ ಒಂದು ಗತ್ತಿತ್ತು. ಇದರದು ತುಕ್ಕು ಹಿಡಿದ ಗೇಟು ಎಳೆದ ಸದ್ದು. ಅದನ್ನು ಕೂಡ ಗೋಡೆಯ ಮೇಲೆ ನಿಂತೇ ಮಾಡಬೇಕೆ? ಇಷ್ಟು ದಿನ ಸುಮ್ಮನಿದ್ದದ್ದು ಸ್ವಭಾವದಿಂದಲ್ಲ, ಜಮಾದಾರನ ಭಯದಿಂದ ಎಂದು ಆಗ ತಿಳಿಯಿತು. ಭೀಮರಾಜ ಮತ್ತೆ ಚಾಪೆ ತೆಗೆದುಕೊಂಡು ಅಡುಗೆಮನೆಗೆ ಹೋದ.

ಮಕ್ತುಂಬಿ ಸಂತೆಗೆ ಹೋದಳು. ಸಂತೆಯಲ್ಲಿ ಹುಂಜ ಮಾರುವವನು ಕಾಲು ನೋಡಿ, ಜುಟ್ಟು ನೋಡಿ ಎನ್ನುತ್ತಾನೆ, ಕಡೆಗೆ ದನಿಯ ಮಾತೆತ್ತುತ್ತಾನೆ.

“ಇದನ್ನ ನೋಡ್ರಿ ಅಮ್ಮಾರ, ಇಲ್ಲಿ ಕೂಗಿದ್ರ ಹಗರಿಬೊಮ್ಮನಹಳ್ಳಿಗೆ ಕೇಳತೈತಿ.”

“ನನಗ ಪಕ್ಕದ ಮನಿಗೂ ಕೇಳಬಾರ್ದಪ್ಪ. ಅಂಥಾದು ಐತೇನು?”

ಮಾರುವವನು ಆಕೆಯನ್ನು ಮೇಲಿಂದ ಕೆಳಗೆ ನೋಡಿದ. “ಅಂಥಾದು ಬೇಕಂದ್ರ ಹೇಂಟಿ ತಗೊಂಡು ಹೋಗ್ರಿ” ಎಂದ. ಸುತ್ತ ನಿಂತವರು ನಕ್ಕರು. ಮಕ್ತುಂಬಿ ಅವನಿಗೆ ಎರಡು ಮಾತು ಬೈದಳಂತೆ. ಬೈಯುವಾಗಲೇ ಆಕೆಗೆ ಹೊಳೆಯಿತು: ಕಾಲು ಕಟ್ಟಿಸಿಕೊಂಡು ಸಂತೆಯ ನೆಲದ ಮೇಲೆ ಬಿದ್ದ ಅಷ್ಟೂ ಹುಂಜಗಳು ಸುಮ್ಮನೇ ಇದ್ದವು. ಕಟ್ಟಿಹಾಕಿದ ಹುಂಜದ ಗುಣ ಯಾರಿಗೆ ಗೊತ್ತಾಗುತ್ತದೆ? ದೊಡ್ಡ ಹುಂಜದ ಕೆಳಗಿನ ಹುಂಜದ ಗುಣವೂ ಗೊತ್ತಾಗುವುದಿಲ್ಲ. ತಾನೇ ಯಜಮಾನನಾಗಿರುವ ಹಿತ್ತಲಲ್ಲಿ, ಜಾವದಿಂದ ಬಿಸಿಲೇರುವವರೆಗೆ ಕೂತು ಕೇಳಿದರೆ ಮಾತ್ರ ಹುಂಜ ಎಂಥದೆಂದು ತಿಳಿಯುತ್ತದೆ. ಬರಿಗೈಯಲ್ಲಿ ಬಂದಳು, ಮರುದಿನವೇ ಊರೂರು ಹೊರಟಳು.

ಪಾಲಿನ ಕೋಳಿ ಕೊಟ್ಟ ಮನೆಗಳಿಗೇ ಹೋದಳು. ಸಂಜೆ ಹೋಗುವುದು, ಅಲ್ಲೇ ಮಲಗುವುದು, ಬೆಳಿಗ್ಗೆ ಹುಂಜದ ಕೂಗು ಕೇಳಿ ಬಸ್ಸು ಹತ್ತುವುದು. ನೀಲಗುಂದದ ಹುಂಜ ಜಮಾದಾರನಿಗೂ ಒಂದು ಕೈ ಮೇಲಾಗಿತ್ತು. ತಂಬ್ರಹಳ್ಳಿಯ ತಂಗಿಯ ಮನೆಯಲ್ಲಿ ಯಾವ ಕೂಗೂ ಕೇಳಲಿಲ್ಲ. ಜಮಾದಾರ ಎಲ್ಲಿ ಎಂದರೆ ತಂಗಿ ತಲೆ ತಗ್ಗಿಸಿದಳು. ಬೀಗರು ಹೇಳದೆ ಕೇಳದೆ ಬಂದಿದ್ದರು, ಮನೆಯಲ್ಲಿ ಬೇರೇನೂ ಇರಲಿಲ್ಲ. ಮಕ್ತುಂಬಿ ಅಲ್ಲಿ ಒಂದು ತುತ್ತೂ ತಿನ್ನದೆ ಎದ್ದು ಬಂದಳು. ಬಸ್ಸಿನಲ್ಲಿ ಕೂತು ಅತ್ತುಬಿಟ್ಟೆ ಎಂದು ಆಮೇಲೆ ನನಗೆ ಹೇಳಿದಳು. ಒಂದು ಕೋಳಿಗಾಗಿ ಅತ್ತದ್ದನ್ನು ಹೇಳಲು ನಾಚಿಕೆ ಪಡಲಿಲ್ಲ.

ಕಡೆಗೆ ಹರಪನಹಳ್ಳಿಯ ಬಸ್ಸು ಹತ್ತಿ ಬಾಗಳಿಗೆ ಹೋದಳು. ಅಲ್ಲಿ ಊರ ಹೊರಗಿನ ಒಂಟಿ ಮನೆಯಲ್ಲಿ ಕರಿಯಕ್ಕ ಇದ್ದಾಳೆ. ಮೆಕ್ಕೆಜೋಳದ ಹೊಲಗಳಲ್ಲಿ ಕೂಲಿ ಮಾಡುವವಳು. ಪಾಲಿನ ಹೇಂಟೆ ಕೊಟ್ಟವರು ಹೇಳದೆ ಬಂದು ಇಳಿದರೆ ಸಾಕಿದವರ ಎದೆ ಧಸಕ್ ಎನ್ನುತ್ತದೆ, ಮರಿ ಎಣಿಸಲು ಬಂದರು ಎಂದೇ ಲೆಕ್ಕ. ಮಕ್ತುಂಬಿ ಬಸ್ಸಿಳಿದು ಬರುವುದನ್ನು ಕರಿಯಕ್ಕ ದೂರದಿಂದಲೇ ನೋಡಿದಳು. ಆಕೆ ಅಂಗಳಕ್ಕೆ ಬರುವ ಹೊತ್ತಿಗೆ ಮೈಯೆಲ್ಲ ಬೆವೆತು ಬಾಗಿಲಲ್ಲಿ ನಿಂತಿದ್ದಳು.

“ಹುಂಜ ಎಲ್ಲೈತಿ ಕರಿಯಕ್ಕ?”

“ಹುಂಜ ಎಲ್ಲೀದ್ರಿ ಬೂಬಮ್ಮ? ಮರಿ ಇದ್ದಾಗ್ಲೇ ನಾಯಿ ಒಯ್ತು ಅಂತ ಹೇಳಿದ್ನಲ್ರೀ.” ಹಳ್ಳಿಗಳಲ್ಲಿ ಮಕ್ತುಂಬಿಯನ್ನು ಬೂಬಮ್ಮ ಎಂದೇ ಕರೆಯುತ್ತಾರೆ.

ಕಡೆಯ ಬಸ್ಸು ಹೋಗಿತ್ತು. ಆ ಮಾತು ಮರೆತು ಬಂದದ್ದು ದಂಡವಾಯಿತು ಎಂದುಕೊಂಡು ಮಕ್ತುಂಬಿ ಅಲ್ಲೇ ಉಂಡು ಮಲಗಿದಳು. ಇರುವುದು ಒಂದೇ ಕೋಣೆ. ಮೂಲೆಯಲ್ಲಿ ಕವುಚಿದ ಬುಟ್ಟಿ, ಅದರ ಮೇಲೆ ಹರಕು ಕೌದಿ. ಜಾವದಲ್ಲಿ ಯಾರೋ ಗಂಟಲು ಸರಿಮಾಡಿಕೊಂಡ ಸದ್ದಾಗಿ ಆಕೆಗೆ ಎಚ್ಚರವಾಯಿತು.

“ಕೆಮ್ಮು ಐತೇನು ಕರಿಯಕ್ಕ? ಬಿಸಿನೀರು ಕುಡಿಯಬಾರ್ದಾ?”

“ಹೂನ್ರಿ, ನಿನ್ನಿಂದ ಹಿಡದೈತಿ” ಎಂದು ಕರಿಯಕ್ಕ ಎದ್ದು, ಕೆಮ್ಮುತ್ತ, ಒಲೆ ಹಚ್ಚಿ ನೀರು ಕಾಯಿಸಿದಳು. ಲೋಟ ತುಟಿಗಿಟ್ಟು ಗಟಗಟ ಕುಡಿಯುತ್ತಿರುವಾಗ ಅದೇ ಸದ್ದು ಮತ್ತೆ ಬಂತು. ನೀರು ಕುಡಿಯುತ್ತಿರುವವಳು ಕೆಮ್ಮುವುದಾದರೂ ಹೇಗೆ? ಮಕ್ತುಂಬಿ ಎದ್ದು ಹೋಗಿ ಕೌದಿ ತೆಗೆದು ಬುಟ್ಟಿ ಎತ್ತಿದಳು. ಒಳಗೆ ಕಂದು ಬಣ್ಣದ ಗಟ್ಟಿಮುಟ್ಟಾದ ಹುಂಜ ನಿಂತಿತ್ತು.

ಕರಿಯಕ್ಕ ಲೋಟ ಕೆಳಗಿಟ್ಟಳು. “ತಪ್ಪಾತ್ರಿ ಬೂಬಮ್ಮ. ನಾಯಿ ಒಯ್ದಿದ್ದಿಲ್ಲ. ಹುಟ್ಟಿದಾಗ ಸಾಯಂಗಿತ್ರಿ, ಒಲಿ ಮುಂದ ಇಟ್ಕೊಂಡು ಉಳಿಸ್ಕೊಂಡ್ನಿ. ಪಾಲು ಮಾಡಿದ್ರ ನೀವು ಇದನ್ನ ಆರಿಸ್ಕೊಂಡು ಹೋಕ್ಕೀರಿ ಅಂತ ಸುಳ್ಳು ಹೇಳಿದ್ನಿ. ರಾತ್ರೆಲ್ಲ ಕೂಗದಿದ್ರ ಸಾಕಪ್ಪ ಅಂತ ದೇವರಿಗೆ ಬೇಡ್ಕೊಂಡ್ನಿ.”

ಮಕ್ತುಂಬಿಗೆ ಆ ಸುಳ್ಳಿನ ಮೇಲೆ ಗಮನವೇ ಇರಲಿಲ್ಲ.

“ಅದು ಕೂಗ್ತಲ್ಲ ಈಗ?”

“ಹೌದ್ರಿ. ಕೂಗಿದ್ದ ಅದು.”

“ದಿನಾ ಇಷ್ಟ ಏನು?”

“ಇದಕ್ಕಿಂತ ಜೋರು ಬರಂಗಿಲ್ರಿ ಅದಕ್ಕ. ಬುಟ್ಟಿ ಬಿಟ್ಟು ಹೊರಗ ನಿಲ್ಸಿದ್ರೂ ಅಷ್ಟ.”

ಮಕ್ತುಂಬಿ ನಂಬಲಿಲ್ಲ. ಹುಂಜವನ್ನು ಹೊರಗೆ ಬಿಟ್ಟು, ಬೆಳಗಿನ ಬಸ್ಸನ್ನೂ ಬಿಟ್ಟು, ಮಧ್ಯಾಹ್ನದವರೆಗೆ ಅಂಗಳದಲ್ಲಿ ಕೂತಳು. ಅದು ಹೇಂಟೆಗಳನ್ನು ಕರೆದು ಕಾಳು ತೋರಿಸಿತು, ಗಿಡುಗ ಕಂಡಾಗ ಎಲ್ಲವನ್ನೂ ಮರೆಗೆ ಓಡಿಸಿತು, ಹಿತ್ತಲಿಗೆ ಬಂದ ಬೆಕ್ಕನ್ನು ಅಟ್ಟಿತು. ಯಜಮಾನಿಕೆಯಲ್ಲಿ ಏನೂ ಕಡಿಮೆ ಇರಲಿಲ್ಲ. ಕೂಗುವಾಗ ಮಾತ್ರ ಕೊರಳು ಚಾಚಿ ಗಿಡ್ಡಗೆ ಒಂದು ದನಿ ತೆಗೆದು ಸುಮ್ಮನಾಗುತ್ತಿತ್ತು. ಅಂಗಳದ ಆಚೆ ಹೋಗಿ ನಿಂತರೆ ಕೇಳುತ್ತಿರಲಿಲ್ಲ.

ಪದ್ಧತಿಯ ಪ್ರಕಾರ ಆ ಹುಂಜವನ್ನು ಬಗಲಲ್ಲಿಟ್ಟುಕೊಂಡು ಎದ್ದು ಬರಬಹುದಿತ್ತು. ಸುಳ್ಳು ಹೇಳಿದವಳು ಅಡ್ಡ ಬರುವಂತಿರಲಿಲ್ಲ. ಮಕ್ತುಂಬಿ ಹಾಗೆ ಮಾಡಲಿಲ್ಲ. ಭೀಮರಾಜನ ಬಸ್ಸಿನ ಕಥೆಯನ್ನೆಲ್ಲ ಹೇಳಿ, ಕೊಡುತ್ತೀಯಾ ಎಂದು ಕೇಳಿದಳು. ಹುಂಜ ಕೊಟ್ಟರೆ ಹೇಂಟೆ ಪೂರಾ ನಿನ್ನದೇ, ಇನ್ನು ಮುಂದೆ ಪಾಲು ಇಲ್ಲ, ಹುಂಜದ ಬದಲಿಗೆ ಬೂದನನ್ನು ತಂದುಕೊಡುತ್ತೇನೆ ಎಂದಳು. ಒಂಟಿ ಮನೆಯಲ್ಲಿ ಬೂದ ಎಷ್ಟು ಅರಚಿದರೂ ಕೇಳುವವರು ಯಾರು? ಕರಿಯಕ್ಕ ಕೊಟ್ಟಳು. ಕೊಡುವಾಗ ಹುಂಜದ ಬೆನ್ನು ಸವರಿ, “ಇದಕ್ಕ ನುಚ್ಚು ನೆನಸಿ ಹಾಕ್ರಿ ಬೂಬಮ್ಮ, ಒಣಾದು ತಿನ್ನಂಗಿಲ್ಲ” ಎಂದು ಅತ್ತಳು. ತಂಬ್ರಹಳ್ಳಿಯ ಬಸ್ಸಿನ ನೆನಪಾಗಿ ಮಕ್ತುಂಬಿಯೂ ಅತ್ತಳಂತೆ.

ಬೂದ ಬಾಗಳಿಗೆ ಹೋಯಿತು, ಕಂದು ಹುಂಜ ಕೊಟ್ಟೂರಿಗೆ ಬಂತು. ಹೊಸ ಜಾಗಕ್ಕೆ ಬಂದ ಮೇಲೆ ದನಿ ಬದಲಾದರೇನು ಗತಿ ಎಂದು ಮಕ್ತುಂಬಿ ಹಲವು ದಿನ ಹಿತ್ತಲು ಬಿಟ್ಟು ಕದಲಲಿಲ್ಲ. ಬದಲಾಗಲಿಲ್ಲ. ಭೀಮರಾಜ ಅಡುಗೆಮನೆಯ ಚಾಪೆ ಬಿಟ್ಟು ಪಡಸಾಲೆಯ ಮಂಚಕ್ಕೆ ವಾಪಸಾದ, ಅವನ ಕಣ್ಣಿನ ಕೆಂಪು ಇಳಿಯಿತು. ಈಗ ಓಣಿಯ ಮಂದಿಗೆ ಬೇರೆ ಕೆಲಸ ಸಿಕ್ಕಿತು. ಕೂಗಲು ಬಾರದ ಹುಂಜ ಗಂಡೇ ಅಲ್ಲ, ಅದರ ಮೊಟ್ಟೆ ಮರಿಯಾಗುವುದಿಲ್ಲ ಎಂದು ಯಾರೋ ಹೇಳಿದರು. ಯಾರು ಹೇಳಿದರು ಎಂದು ಕೇಳಿದರೆ ಎಲ್ಲರೂ ಪಕ್ಕದವರನ್ನು ತೋರಿಸುತ್ತಾರೆ. ಕಾವಿಗೆ ಮೊಟ್ಟೆ ಒಯ್ಯುವವರು ಬರುವುದನ್ನೇ ನಿಲ್ಲಿಸಿದರು. ಬಾಗಿಲು ತಟ್ಟುವವರಿಲ್ಲದೆ ಮಕ್ತುಂಬಿಯ ಮೊಟ್ಟೆಗಳು ಮನೆಯ ಸಾರಿಗೆ ಬಿದ್ದವು. ಖಾಜಾಸಾಬ್ ಮೂರು ಹೊತ್ತೂ ಮೊಟ್ಟೆ ತಿಂದು ಇನ್ನೂ ಮೌನಿಯಾದ.

ಆಗ ಸೌಭಾಗ್ಯ ಬಂದಳು. “ಅಕ್ಕಾ, ನನಗೊಂದು ಹೇಂಟಿ ಪಾಲಿಗೆ ಕೊಡ್ರಿ. ಇದರ ಮೊಟ್ಟಿನ ಇಟ್ಟು ಕೂರಸ್ತೀನಿ. ಮರಿ ಆಗ್ತಾವೋ ಇಲ್ಲೋ ಓಣಿ ನೋಡ್ಲಿ.” ಜೀವಮಾನದಲ್ಲಿ ಕೋಳಿ ಸಾಕಿದವಳಲ್ಲ. ಮಕ್ತುಂಬಿ ಕಾವಿಗೆ ಬಂದ ಹೇಂಟೆಯನ್ನೂ ಮೊಟ್ಟೆಗಳನ್ನೂ ಕೊಟ್ಟಳು. ವಾರ ಕಳೆದ ಮೇಲೆ ಮೊಬೈಲಿನ ಟಾರ್ಚಿಗೆ ಹಿಡಿದು ನೋಡಿದರೆ ಮೊಟ್ಟೆಗಳಲ್ಲಿ ಕೆಂಪು ನರ ಓಡಿದ್ದವು. ನನ್ನನ್ನೂ ಕರೆದು ತೋರಿಸಿದರು. ಒಂದೆರಡು ಬಿಟ್ಟು ಎಲ್ಲ ಮರಿಯಾದವು. ಗಿರಾಕಿಗಳು ಏನೂ ಆಗೇ ಇಲ್ಲವೆಂಬಂತೆ ಮತ್ತೆ ಬಂದರು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಅಪ್ಪನ ಗಂಟಲು ಮಗನಿಗೂ ಬರಬೇಕೆಂದು ಕಾನೂನಿಲ್ಲ. ಸೌಭಾಗ್ಯಳ ಮರಿಗಳು ಬೆಳೆದವು, ಅವುಗಳಲ್ಲಿ ಒಂದು ಹುಂಜ. ಒಂದು ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ತೆಗೆಯುತ್ತಿದ್ದಾಗ ಭೀಮರಾಜನ ಮನೆಯೊಳಗಿಂದಲೇ ಓಣಿ ನಡುಗುವಂಥ ಕೂಗು ಬಂತು. ಮಕ್ತುಂಬಿ ಹಿಟ್ಟಿನ ಕೈಯಲ್ಲೇ ಓಡಿದಳು, ನಾನೂ ಹಿಂದೆಯೇ ಹೋದೆ. ಹೋಗಿ ನೋಡಿದರೆ ಭೀಮರಾಜ ಮಂಚದ ಮೇಲೆ ಗೊರಕೆ ಹೊಡೆಯುತ್ತಿದ್ದ, ಹುಂಜ ಅವನ ಕಾಲ ಬಳಿ ನಿಂತು ಕೂಗುತ್ತಿತ್ತು.

“ನಮ್ಮನಿ ಹುಂಜ ಅಲ್ಲೇನಕ್ಕಾ, ಅದರ ದನಿಗೆ ಅವರಿಗೆ ಎಚ್ಚರನ ಆಗವಲ್ದು” ಎಂದಳು ಸೌಭಾಗ್ಯ. ಅವಳ ಮುಖದಲ್ಲಿ ಹೆಮ್ಮೆಯೋ ಹೆಮ್ಮೆ.

ಮಕ್ತುಂಬಿ ಬಾಗಿಲಲ್ಲೇ ನಿಂತಳು. ಊರೂರು ಅಲೆದದ್ದೆಲ್ಲ ಆಗ ಆಕೆಯ ಕಣ್ಣ ಮುಂದೆ ಬಂದಿರಬೇಕು, ಮುಖ ಕೆಂಪಾಗಿತ್ತು. ಬಾಯಿಗೆ ಬಂದದ್ದನ್ನೆಲ್ಲ ಅನ್ನುತ್ತಾಳೆ ಎಂದು ನಾನು ಕಾದೆ. ಆಕೆ ಒಳಗೆ ನಡೆದು ಹುಂಜದ ಎರಡೂ ಕಾಲು ಹಿಡಿದು ಎತ್ತಿಕೊಂಡಳು.

“ಪಾಲಿನಾಗ ಮೊದಲ ಹುಂಜ ಆರಿಸ್ಕೊಳ್ಳಾಕಿ ನಾನು. ಇದು ನಂದು. ಬ್ಯಾರೆ ಊರಿಗೆ ಕೊಟ್ಟು ಬರ್ತೀನಿ.”

ಸೌಭಾಗ್ಯ ಬೇಡಿಕೊಂಡಳು. ಮಗುವಿನಂತೆ ಸಾಕಿದ್ದೇನೆ ಎಂದಳು, ಬೇರೆ ಎಲ್ಲ ಮರಿಗಳನ್ನೂ ನೀವೇ ಒಯ್ಯಿರಿ ಎಂದಳು. ಗದ್ದಲಕ್ಕೆ ಭೀಮರಾಜನಿಗೆ ಎಚ್ಚರವಾಯಿತು. ಲುಂಗಿ ಸರಿಮಾಡಿಕೊಳ್ಳುತ್ತ ಎದ್ದು ಬಂದ.

“ಇರ್ಲಿ ಬಿಡಕ್ಕ. ನನಗೇನ್ ತ್ರಾಸಿಲ್ಲ. ಇವತ್ತು ಚೊಲೋ ನಿದ್ದಿ ಬಂದಿತ್ತು.”

“ಇವತ್ತು ಬಂತು. ನಾಳೆ ಬರದಿದ್ರ ನೀನು ಹೇಳಾವನಲ್ಲ, ಅವಾಗೂ ಹೇಳ್ಲಿಲ್ಲ” ಎಂದಳು ಮಕ್ತುಂಬಿ. “ನಿನ್ನ ಬಸ್ಸಿನಾಗ ಮಂದಿ ನಿನ್ನ ನಂಬಿ ರಾತ್ರೆಲ್ಲ ಮಲಗಿರ್ತಾರಪ್ಪ. ಅವರು ಮಲಗಬೇಕಂದ್ರ ಹಗಲಾಗ ನೀನು ಮಲಗಬೇಕು. ಹೋಗು, ಮಲ್ಕೋ.”

ಭೀಮರಾಜ ಒಳಗೆ ಹೋಗಿ ಹಳೆಯ ಕೈಚೀಲ ಒಂದನ್ನು ತಂದು, ತಾನೇ ಬಾಯಿ ಅಗಲಿಸಿ ಹಿಡಿದ. ಮಕ್ತುಂಬಿ ಹುಂಜವನ್ನು ಅದರೊಳಗೆ ಇಳಿಸಿದಳು. ಅವನು ಮತ್ತೆ ಮಂಚಕ್ಕೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಸೌಭಾಗ್ಯ ಕಣ್ಣೊರೆಸಿಕೊಂಡು, ಸದ್ದಾಗದಂತೆ ಬಾಗಿಲು ಮುಂದೆ ಮಾಡಿದಳು.